ಹೊಳೆ ಸುತ್ತಿ ನಡೆಯಲು ಕಲಿತದ್ದು

ಲೋಕದ ಹಸಿ ಇನ್ನೂ ಆರಿರದ ಕಾಲ ಅದು. ಬೆಟ್ಟಗಳು ಎದ್ದು ನಿಂತಿದ್ದವು, ಆದರೆ ಯಾವುದು ಅಣ್ಣ, ಯಾವುದು ತಮ್ಮ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಗಾಳಿಗೆ ಆಗತಾನೇ ಮಾತು ಬಂದಿತ್ತು. ಮಾತು ಬಂದ ಹೊಸತರಲ್ಲಿ ಎಲ್ಲ ಮಕ್ಕಳೂ ಮಾಡುವ ಹಾಗೆ ಅದು ಒಂದೇ ಸಮನೆ ಹರಟುತ್ತಿತ್ತು.

ಆ ಕಾಲದಲ್ಲಿ ಹೊಳೆ ನೆಟ್ಟಗೆ ಓಡುತ್ತಿದ್ದಳು.

ನಗಬೇಡ ಪುಟ್ಟಾ. ನಲವತ್ತು ವರ್ಷ ಇದೇ ಹೊಳೆಯಲ್ಲಿ ಹರಿಗೋಲು ಹಾಕಿದ ನಿನ್ನ ತಾತ ಹೇಳುತ್ತಿದ್ದೇನೆ, ಕೇಳು. ಬೆಟ್ಟದಿಂದ ಕಡಲಿಗೆ ಒಂದೇ ಗೆರೆ. ಎಡಕ್ಕಿಲ್ಲ, ಬಲಕ್ಕಿಲ್ಲ. ಅಡ್ಡ ಬಂದದ್ದು ಬಂಡೆಯಾದರೆ ಒಡೆದು ಹೋಗುತ್ತಿದ್ದಳು. ಮರವಾದರೆ ಬುಡಸಮೇತ ಕಿತ್ತುಕೊಂಡು ಹೋಗುತ್ತಿದ್ದಳು. ಜಿಂಕೆಯಾದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

"ಸರೀರಿ, ಸರೀರಿ! ನಾ ಬಂದೆ!" ಎಂದು ಏಳು ಬೆಟ್ಟದಾಚೆಗೂ ಕೇಳುವಂತೆ ಕೂಗುತ್ತ ಓಡುತ್ತಿದ್ದಳು.

ಅವಳಿಗೆ ಅಷ್ಟು ಅವಸರ ಹಚ್ಚಿದ್ದು ಗಾಳಿ. "ನಿನ್ನ ಅಕ್ಕ ಆಗಲೇ ಕಡಲು ಮುಟ್ಟಿದಳಂತೆ. ನಿನ್ನ ತಂಗಿ ಇನ್ನೇನು ಮುಟ್ಟುತ್ತಾಳಂತೆ. ನೀನೊಬ್ಬಳೇ ಹಿಂದೆ ಬಿದ್ದಿದ್ದೀಯ" ಎಂದು ಅವಳ ಕಿವಿಯಲ್ಲಿ ಊದುತ್ತಿತ್ತು. ಅಕ್ಕ ಮುಟ್ಟಿದ್ದಳೋ ಇಲ್ಲವೋ ಯಾರು ಕಂಡರು? ಹೊಳೆ ಮಾತ್ರ ಅದನ್ನು ನಂಬಿ ಓಡುತ್ತಿದ್ದಳು.

ಇದೆಲ್ಲ ಮಳೆಗಾಲದ ಮಾತು. ಬೇಸಿಗೆಯಲ್ಲಿ ಅವಳು ದಣಿದು ಸಣ್ಣಗಾಗಿ, ಅಗಲವಾದ ಮರಳಿನ ನಡುವೆ ಸದ್ದಿಲ್ಲದೆ ಹರಿಯುತ್ತಿದ್ದಳು. ನೀರು ಪಾದ ಮುಳುಗುವಷ್ಟು. ನೋಡಿದವರು ಪಾಪದ ಹುಡುಗಿ ಅನ್ನಬೇಕು, ಹಾಗೆ.

ಹಾಗೆ ಅಂದುಕೊಂಡು ಮೋಸಹೋದವರು ನಡೆಯುವ ಜನ.

ನಡೆಯುವ ಜನಕ್ಕೆ ಮನೆಯಿಲ್ಲ. ಊರು ಎಂಬ ಮಾತೇ ಅವರಲ್ಲಿರಲಿಲ್ಲ. ಎಲ್ಲ ಸೇರಿ ನಲವತ್ತು ಮಂದಿ. ಜಿಂಕೆ ಹೋದ ಕಡೆ ಹೋಗುವುದು, ಹುಲ್ಲು ತೆನೆ ಬಿಟ್ಟ ಕಡೆ ನಿಂತು ಕಾಳು ಉದುರಿಸಿಕೊಳ್ಳುವುದು, ಮತ್ತೆ ನಡೆಯುವುದು. ಮಗು ಯಾವ ಮರದ ಕೆಳಗೆ ಹುಟ್ಟಿತೋ ಆ ಮರದ ಹೆಸರೇ ಮಗುವಿಗೆ. ಬೇಸಿಗೆಯ ಕೊನೆಗೆ ಹೊಳೆಯ ಹತ್ತಿರ ಬಂದು, ಪಾದ ಮುಳುಗುವ ನೀರನ್ನು ದಾಟಿ, ಮಳೆಗೆ ಮುಂಚೆ ದೂರದ ದಿಣ್ಣೆಗಳಿಗೆ ಹೊರಟುಬಿಡುತ್ತಿದ್ದರು. ಹೀಗಾಗಿ ಮಳೆಗಾಲದ ಹೊಳೆಯನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಮುಂದಿನ ಅನಾಹುತವೆಲ್ಲ ಆದದ್ದು ಇದರಿಂದಲೇ.

ಅವರಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು ಮೆತ್ತನೆಯದು: ಮಲಗಿದ ಕೂಸನ್ನು ಯಾರೂ ದಾಟಬಾರದು. ದಾಟಿದರೆ ಕೂಸು ಬೆಳೆಯುವುದಿಲ್ಲ. ಎಷ್ಟೇ ಅವಸರವಿರಲಿ, ಹುಲಿಯೇ ಅಟ್ಟಿಸಿಕೊಂಡು ಬರಲಿ, ಸುತ್ತಿ ಹೋಗಬೇಕು. ಇನ್ನೊಂದು ಕಲ್ಲಿನಂಥದು: ನಡೆಯಲಾಗದವರನ್ನು ಬಿಟ್ಟು ಹೋಗಬೇಕು.

ಹೂಂ, ಬಿಟ್ಟು ಹೋಗಬೇಕು. ಮುಖ ಸಣ್ಣ ಮಾಡಿಕೊಂಡರೆ ನಾನೇನು ಮಾಡಲಿ? ಆಗ ಹಾಗಿತ್ತು.

ಒಂದು ವರ್ಷ ಹೊಳೆಯ ಹತ್ತಿರ ಬಂದಾಗ ಹೊನ್ನೆ ಎಂಬ ಹೆಂಗಸು ಜೇನಿಗೆಂದು ಬಂಡೆ ಹತ್ತಿ, ಕಾಲು ಜಾರಿ ಬಿದ್ದಳು. ಮೊಣಕಾಲಿನ ಕೆಳಗಿನ ಮೂಳೆ ಎರಡಾಯಿತು. ಅವಳಿಗೆ ಮೂರು ತಿಂಗಳ ಹೆಣ್ಣು ಕೂಸು. ಮುತ್ತುಗದ ಮರದ ಕೆಳಗೆ ಹುಟ್ಟಿದ್ದರಿಂದ ಅದರ ಹೆಸರು ಮುತ್ತುಗ.

ಹೊನ್ನೆಯ ಗಂಡ ಕಮರ. ಜೇಡಿಮಣ್ಣು ಮೆತ್ತಿದ ಬುಟ್ಟಿಯಲ್ಲಿ ಕೆಂಡ ಇಟ್ಟುಕೊಂಡು ಎಲ್ಲರ ಮುಂದೆ ನಡೆಯುವವನು ಅವನೇ. ನಲವತ್ತು ಮಂದಿಯ ಬೆಂಕಿ ಅವನ ಕೈಯಲ್ಲಿತ್ತು. ಅವನು ಐದು ದಿನ ಕಾದ. ಆರನೆಯ ದಿನ ಜಿಂಕೆಗಳು ದಿಣ್ಣೆಯ ಕಡೆ ಹೊರಟವು. ಎಲ್ಲರೂ ಕಮರನ ಮುಖ ನೋಡಿದರು.

ಅವನು ಹೆಂಡತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಗೊತ್ತೈತೆ, ಹೋಗು" ಅಂದಳು ಹೊನ್ನೆ. "ಹಿಂದಕ್ಕೆ ತಿರುಗಿ ನೋಡಬ್ಯಾಡ. ನೋಡಿದ್ರೆ ನಿಂಗೆ ಹೋಗಾಕಾಗಲ್ಲ."

"ಕೂಸು?"

"ಹಾಲಿರೋದು ನನ್ನ ಹತ್ರ. ಕೂಸೂ ನನ್ನ ಹತ್ರ."

ಆಗ ಕಮರನ ತಾಯಿ ಅಂಕೋಲೆ, ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಮುದುಕಿ, ತನ್ನ ಗಂಟನ್ನು ದೊಪ್ಪನೆ ಕೆಳಗೆ ಹಾಕಿ ಸೊಸೆಯ ಪಕ್ಕ ಕೂತುಬಿಟ್ಟಳು.

"ನಂಗೂ ಕಾಲು ನೋವು" ಅಂದಳು.

"ಅವ್ವಾ, ನಿನ್ನೆ ತಾನೇ ಆ ಗುಡ್ಡ ಹತ್ತಿ ಇಳಿದೆಯಲ್ಲ!"

"ಅದಕ್ಕೇ ನೋವು. ನೀ ಹೋಗೋ, ನನ್ನ ಕಾಲಿನ ಸುದ್ದಿ ನಿಂಗ್ಯಾಕೆ?"

ಆ ಮುದುಕಿಯ ಬಾಯಿಗೆ ಹೆದರದವರು ನಲವತ್ತು ಮಂದಿಯಲ್ಲಿ ಒಬ್ಬರೂ ಇರಲಿಲ್ಲ. ಮಗನೂ ಹೆದರುತ್ತಿದ್ದ.

ಬಿಟ್ಟು ಹೋಗುವಾಗ ಪ್ರತಿಯೊಬ್ಬರೂ ತಮ್ಮ ಚೀಲದಿಂದ ಒಂದೊಂದು ಹಿಡಿ ಹುಲ್ಲಿನ ಕಾಳು ಕೊಡುವುದು ರೂಢಿ. ಕೊಟ್ಟರು. ರಾಶಿಯಾಯಿತು. ದಂಡೆಯ ಮೇಲೆ ಒಂದು ಬೆಂಕಿ ಹಾಕಿಕೊಟ್ಟರು. ಆಮೇಲೆ, ಪಾಪ, ಪ್ರೀತಿಯಿಂದ ಒಂದು ದೊಡ್ಡ ತಪ್ಪು ಮಾಡಿದರು. ಕಾಲು ಮುರಿದವಳಿಗೆ ಕಲ್ಲುನೆಲ ಒತ್ತುತ್ತದೆ, ಕೂಸಿಗೆ ಮುಳ್ಳು ತಾಗುತ್ತದೆ ಎಂದು, ಎಲ್ಲೆಲ್ಲೂ ಹುಡುಕಿ, ಎಲ್ಲಕ್ಕಿಂತ ಮೆತ್ತನೆಯ ಸಮನಾದ ಜಾಗ ಆರಿಸಿ, ಹೊನ್ನೆಯನ್ನು ಎತ್ತಿ ಅಲ್ಲಿ ಮಲಗಿಸಿದರು.

ಅದು ಹೊಳೆಯ ಮರಳು. ಹೊಳೆ ಓಡುವ ದಾರಿಯ ನಟ್ಟನಡುವೆ.

ಅವರು ಹೋದರು. ಕಮರ ತಿರುಗಿ ನೋಡಲಿಲ್ಲ. ಅವನ ಭುಜ ಅಲುಗುತ್ತಿದ್ದುದನ್ನು ಮಾತ್ರ ಹೊನ್ನೆ ಬಹಳ ದೂರದವರೆಗೆ ನೋಡಿದಳು.

ಹನ್ನೆರಡು ದಿನ ಏನೂ ಆಗಲಿಲ್ಲ. ಅಂಕೋಲೆ ಸೊಸೆಯ ಕಾಲಿಗೆ ಎರಡು ಕಡೆ ಕೋಲಿಟ್ಟು ನಾರಿನಲ್ಲಿ ಬಿಗಿದಳು. ದಿನಕ್ಕೆ ಮೂರು ಹಿಡಿ ಕಾಳು ಹುರಿದಳು. ಎರಡು ಹಿಡಿ ಹೊನ್ನೆಗೆ, ಒಂದು ಹಿಡಿ ತನಗೆ.

"ಸಮಕ್ಕೆ ತಿನ್ನಿ ಅತ್ತೆ."

"ನಂಗೆ ಹಲ್ಲಿಲ್ಲ. ಹಲ್ಲಿದ್ದೋರು ತಿನ್ನಬೇಕು."

ಅವಳ ಬಾಯಲ್ಲಿ ಹಲ್ಲು ಬೇಕಾದಷ್ಟಿದ್ದವು.

ಹದಿಮೂರನೆಯ ದಿನ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ಮುತ್ತುಗ ಹೊಟ್ಟೆತುಂಬ ಹಾಲು ಕುಡಿದು ನಿದ್ದೆ ಹೋಗಿತ್ತು. ಆಗ ಗಾಳಿ ಏದುಸಿರು ಬಿಡುತ್ತ ಬಂತು.

"ಬಂದಳು, ಬಂದಳು" ಅಂದಿತು. ಹೆದರಿಸುವುದೆಂದರೆ ಅದಕ್ಕೆ ಖುಷಿ.

"ಯಾರು ಬಂದಳು?" ಅಂದಳು ಅಂಕೋಲೆ.

"ಹೊಳೆ! ಬೆಟ್ಟದಲ್ಲಿ ಮೂರು ದಿನದಿಂದ ಮಳೆ. ಎದ್ದು ಓಡಿ ಬರ್ತಾ ಇದ್ದಾಳೆ. ನೀವು ಕೂತಿರೋದು ಅವಳ ದಾರಿ."

ಅಂಕೋಲೆ ಪಾದ ಮುಳುಗುವ ಆ ನೀರನ್ನು ನೋಡಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ನೀರಿನ ಬಣ್ಣ ಬದಲಾಗುತ್ತಿತ್ತು. ಪಾದದಷ್ಟಿದ್ದದ್ದು ಕಾಲಿನ ಹರಡಿನಷ್ಟಾಯಿತು. ಮರಳಿನ ಮೇಲೆ ಅಂಗೈ ಇಟ್ಟಳು. ಮರಳು ನಡುಗುತ್ತಿತ್ತು.

ಅವಳು ಸೊಸೆಯ ಎರಡೂ ಕಂಕುಳಿಗೆ ಕೈಹಾಕಿ ಎಳೆದಳು. ಹೊನ್ನೆ ಹಲ್ಲು ಕಚ್ಚಿದಳು. ಒಂದು ಮಾರು ಸರಿದಳು. ಮತ್ತೆ ಎಳೆದಳು. ಅರ್ಧ ಮಾರು. ದಂಡೆ ಇನ್ನೂ ನೂರು ಮಾರು ಇತ್ತು.

"ಬಿಡಿ ಅತ್ತೆ" ಅಂದಳು ಹೊನ್ನೆ. "ಮುತ್ತುಗನ್ನ ಎತ್ಕೊಂಡು ದಂಡೆ ಹತ್ತಿ. ಓಡಿ."

"ಹತ್ತಿ ಏನು ಮಾಡ್ಲಿ? ಹಾಲು ಎಲ್ಲಿಂದ ತರ್ಲಿ? ನೀನಿಲ್ಲದೆ ಎರಡು ದಿನ ಬದುಕಲ್ಲ ಅದು."

"ಎರಡು ದಿನ ಬದುಕಲಿ!"

ಹೊನ್ನೆ ಹಾಗೆ ಕಿರುಚಿದ್ದನ್ನು ಅಂಕೋಲೆ ಅದುವರೆಗೆ ಕೇಳಿರಲಿಲ್ಲ. ಅವಳು ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು. ದೂರದಲ್ಲಿ ಬಯಲಿನ ಅಂಚಿಗೆ ಕಂದು ಬಣ್ಣದ ಗೋಡೆಯೊಂದು ಎದ್ದು, ಮರಗಳನ್ನು ಮುರಿಯುತ್ತ, ಹತ್ತಿರ ಹತ್ತಿರ ಬರುತ್ತಿತ್ತು. "ಸರೀರಿ, ಸರೀರಿ!" ಎಂಬ ಕೂಗು ಕೇಳತೊಡಗಿತು.

ಮುದುಕಿ ಆಮೇಲೆ ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ನಿದ್ದೆಯಲ್ಲಿದ್ದ ಕೂಸನ್ನು ತಾಯಿಯ ಮಡಿಲಿಂದ ಎತ್ತಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಹೊಳೆ ಬರುವ ದಿಕ್ಕಿಗೆ, ಒದ್ದೆ ಮರಳಿನ ಮೇಲೆ ಬಟ್ಟೆಯಂತೆ ಎಲೆ ಹಾಸಿ ಮಲಗಿಸಿದಳು. ತಾನು ಕೋಲು ಹಿಡಿದು ಪಕ್ಕದಲ್ಲಿ ನಿಂತಳು.

"ಅತ್ತೆ!" ಹೊನ್ನೆ ಮೊಣಕೈ ಊರಿ ತೆವಳತೊಡಗಿದಳು.

"ಸುಮ್ನಿರು. ಕೂಗಿದ್ರೆ ಎದ್ದುಬಿಡುತ್ತೆ."

ಹೊಳೆ ಬಂದಳು. ಎರಡಾಳೆತ್ತರ. ತಲೆಯ ಮೇಲೆ ಮುರಿದ ಮರ, ಕಂಕುಳಲ್ಲಿ ಬಂಡೆ.

"ಏ ಹುಡುಗಿ! ಮಲಗಿದ ಕೂಸನ್ನ ದಾಟಬ್ಯಾಡ!" ಎಂದು ಅಂಕೋಲೆ ಕೋಲು ಅಡ್ಡ ಹಿಡಿದಳು.

ಹೊಳೆಗೆ ಯಾರೂ ಎಂದೂ ಬೇಡ ಅಂದಿರಲಿಲ್ಲ. ಬೇಡ ಅನ್ನುವಷ್ಟು ಹೊತ್ತು ಅವಳ ಮುಂದೆ ಯಾರು ನಿಂತಿದ್ದರು? ಅವಳು ಬೆರಗಾಗಿ ಕೂಸಿನ ಹತ್ತು ಮಾರು ದೂರದಲ್ಲಿ ಮುಗ್ಗರಿಸಿದಳು. ಹಿಂದಿನ ನೀರು ಬಂದು ಬೆನ್ನಿಗೆ ಗುದ್ದಿತು.

"ನಿಲ್ಲಾಕಾಗಲ್ಲ ಅಜ್ಜಿ! ನಿಂತ್ರೆ ನಾರ್ತೀನಿ. ನಿಂತ ನೀರು ಸತ್ತ ಹಾಗೆ."

"ನಿಲ್ಲು ಅಂತ ಯಾರು ಹೇಳಿದ್ರು? ಸುತ್ತಿ ಹೋಗು."

"ಸುತ್ತಿ ಅಂದ್ರೆ?"

ನೋಡು ಪುಟ್ಟಾ, ಬಂಡೆ ಒಡೆಯುವವಳು, ಬೆಟ್ಟ ಕೊರೆಯುವವಳು, ಆದರೆ ಅಷ್ಟು ಸಣ್ಣ ವಿಷಯ ಗೊತ್ತಿಲ್ಲ! ಅಂಕೋಲೆಗೆ ಸಿಟ್ಟು ಬಂತು.

"ಇಷ್ಟು ದೊಡ್ಡೋಳಾಗಿದೀಯ, ನಿಂಗೆ ನಡೆಯೋದನ್ನ ಯಾರೂ ಕಲಿಸಿಲ್ವೇನೇ? ನೋಡಿಲ್ಲಿ."

ಅವಳು ಕೋಲಿನ ತುದಿಯನ್ನು ಮರಳಿಗೆ ಊರಿ, ಕೂಸಿನ ಮುಂದಿನಿಂದ ಹಿಡಿದು, ಹೊನ್ನೆಯನ್ನೂ ಒಳಗೆ ಹಾಕಿಕೊಂಡು, ಕುಡುಗೋಲಿನ ಹಾಗೆ ಬಾಗಿದ ಒಂದು ಗೆರೆ ಎಳೆಯುತ್ತ ನಡೆದಳು. ನೀರು ಅವಳ ಮೊಣಕಾಲಿಗೆ ಬಂತು.

"ಮೊದಲು ಈ ಕಡೆ ಹೆಜ್ಜೆ. ಆಮ್ಯಾಲೆ ಇನ್ನೊಂದು. ಕೂಸು ಯಾವಾಗಲೂ ನಿನ್ನ ಪಕ್ಕಕ್ಕಿರಬೇಕು, ಕಾಲ ಕೆಳಗಲ್ಲ. ಬಾ."

ಹೊಳೆ ಒಂದು ಹೆಜ್ಜೆ ಓರೆಗೆ ಇಟ್ಟಳು. ಓಡುವ ಜೋರಿಗೆ ತಡವರಿಸಿದಳು. ಕೂಸಿನ ಕಾಲಿನ ಹತ್ತಿರದ ಮರಳು ಕುಸಿದು ನೀರಿಗೆ ಹೋಯಿತು.

"ಓಡ್ತಾ ತಿರುಗಿದ್ರೆ ಬೀಳ್ತೀಯ. ನಿಧಾನ!"

"ನಿಧಾನ ಮಾಡಿದ್ರೆ ನಮ್ಮಕ್ಕ ಮೊದಲು ಕಡಲು ಮುಟ್ತಾಳೆ."

"ಮುಟ್ಟೇಬಿಟ್ಟಳು! ತಂಗಿಯೂ ಮುಟ್ಟಿದಳು! ಮುದುಕಿ ಮಾತು ಕೇಳ್ತಾ ನಿಂತಿದ್ದೀಯಲ್ಲ, ದಡ್ಡಿ!" ಎಂದು ಗಾಳಿ ಮೇಲಿಂದ ಕೂಗಿತು.

ಹೊಳೆ ಅತ್ತ ನೋಡಿದಳು, ಇತ್ತ ನೋಡಿದಳು. ಅವಳ ಹಿಂದೆ ಮೂರು ದಿನದ ಮಳೆ ನೂಕುತ್ತಿತ್ತು. ಮುಂದೆ ಒಂದು ಅಂಗೈಯಗಲದ ಮುಖ ಕಣ್ಣು ಮುಚ್ಚಿಕೊಂಡು ಮಲಗಿತ್ತು. ಅವಳು ಅಷ್ಟು ಹತ್ತಿರದಿಂದ ಯಾವ ಮುಖವನ್ನೂ ನೋಡಿರಲಿಲ್ಲ.

ಆ ಹೊತ್ತಿಗೆ ಮುತ್ತುಗ ಮಿಸುಕಿತು. ನೀರಿನ ಸದ್ದು ಆಗಲೇ ಕಿವಿ ಒಡೆಯುವಷ್ಟಾಗಿತ್ತು. ಕೂಸು ಮುಷ್ಟಿ ಬಿಗಿದು, ಮುಖ ಕಿವುಚಿ, ತುಟಿ ಹಿಗ್ಗಿಸಿತು. ಇನ್ನೇನು ಎದ್ದು ಅಳಬೇಕು.

"ಅಜ್ಜಿ" ಅಂದಳು ಹೊಳೆ, "ಅದು ಎದ್ದುಬಿಟ್ರೆ ದಾಟಬಹುದಾ?"

ಅಂಕೋಲೆ ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಮಲಗಿದ ಕೂಸಿಗೆ ಮಾತ್ರ ಆ ಕಟ್ಟಳೆ, ಎದ್ದ ಕೂಸಿಗಲ್ಲ. ಎಲ್ಲದಕ್ಕೂ ಸುಳ್ಳು ಹೇಳುವ ಮುದುಕಿಗೆ ಕಟ್ಟಳೆಯ ವಿಷಯದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ.

ಮಾತಾಡಿದ್ದು ಹೊನ್ನೆ. ತೆವಳಿಕೊಂಡು ಬಂದು ಕೂಸಿನ ಪಕ್ಕ ಮಲಗಿ, ಅದರ ಎದೆಯ ಮೇಲೆ ಕೈ ಇಟ್ಟಿದ್ದಳು. ತಟ್ಟುತ್ತಿದ್ದಳು.

"ಮೆಲ್ಲಗೆ ಹೋಗವ್ವಾ" ಅಂದಳು ಪಿಸುದನಿಯಲ್ಲಿ. "ಬೆಳಗಿಂದ ಅತ್ತು ಈಗ ಮಲಗೈತೆ. ನೀ ಕೂಗಿದ್ರೆ ಎದ್ದುಬಿಡುತ್ತೆ."

ಕಟ್ಟಳೆ ಅಂದರೆ ಏನೆಂದು ಹೊಳೆಗೆ ಗೊತ್ತಿರಲಿಲ್ಲ. ಆದರೆ ಇದು ಅರ್ಥವಾಯಿತು. ಹೇಗೆ ಅರ್ಥವಾಯಿತು ಎಂದು ನನ್ನನ್ನು ಕೇಳಬೇಡ. ನಿನ್ನ ಚಿಕ್ಕಮ್ಮನ ಪಾಪು ಮಲಗಿದಾಗ ನೀನು ತುದಿಗಾಲಲ್ಲಿ ನಡೆದೆಯಲ್ಲ, ನಿನಗೆ ಹೇಗೆ ಅರ್ಥವಾಯಿತೋ ಹಾಗೆ.

ಹೊಳೆ ಬಾಯಿ ಮುಚ್ಚಿದಳು.

ಅಷ್ಟು ದೂರದಿಂದ ಕೂಗುತ್ತ ಬಂದ ಸದ್ದು ಒಮ್ಮೆಗೇ ನಿಂತಿತು. ತಲೆಯ ಮೇಲಿದ್ದ ಮರವನ್ನು ಪಕ್ಕಕ್ಕೆ ಇಳಿಸಿದಳು. ಬಂಡೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ಮುದುಕಿ ಎಳೆದ ಗೆರೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಇಡೀ ಹೊಳೆ, ಮೂರು ದಿನದ ಮಳೆ, ತುದಿಗಾಲಲ್ಲಿ ನಡೆಯಿತು.

ಮುತ್ತುಗ ಒಂದು ಕಣ್ಣು ತೆರೆಯಿತು. ಹೊಳೆ ಹೆದರಿ ಇನ್ನೂ ಮೆಲ್ಲಗಾದಳು. ಕೂಸು ಆ ಕಣ್ಣನ್ನು ಮತ್ತೆ ಮುಚ್ಚಿ, ಹೆಬ್ಬೆರಳು ಬಾಯಿಗಿಟ್ಟುಕೊಂಡಿತು.

ಹೊತ್ತು ಇಳಿಯುವವರೆಗೆ ಹೊಳೆ ಹಾಗೇ ಸುತ್ತಿ ಸುತ್ತಿ ಹೋದಳು. ಅಂಕೋಲೆ ಅಷ್ಟು ಹೊತ್ತೂ ಕೋಲು ಕೆಳಗಿಳಿಸಲಿಲ್ಲ. ಮೂರು ಜೀವವಿದ್ದ ಆ ತುಂಡು ನೆಲದ ಸುತ್ತ ಮೂರು ಕಡೆ ನೀರು, ಒಂದು ಕಡೆ ದಂಡೆ.

ಓಡುವಾಗ ಹಿಡಿದುಕೊಂಡ ಸಾಮಾನು ಮೆಲ್ಲಗೆ ನಡೆಯುವಾಗ ಮಡಿಲಿಂದ ಜಾರುತ್ತದೆ. ಹೊಳೆಯ ಮಡಿಲಿಂದಲೂ ಜಾರಿತು. ಕೆಂಪಗೆ, ನುಣ್ಣಗೆ, ಬೆಣ್ಣೆಯಷ್ಟು ಮೆತ್ತನೆಯ ಮಣ್ಣು ಹೊಳೆ ಸುತ್ತಿದ ಬಾಗಿನ ಒಳಗೆಲ್ಲ ಇಳಿಯಿತು.

"ಏನೇ ಇದು ಕೊಳೆ?" ಅಂದಳು ಅಂಕೋಲೆ. ಅಪಾಯ ಕಳೆದ ಕೂಡಲೇ ಬೈಗುಳ ಶುರು.

"ತವರಿನ ಮಣ್ಣು ಅಜ್ಜಿ. ಬೆಟ್ಟದಿಂದ ತಂದಿದ್ದೆ, ಕಡಲಿಗೆ ಕೊಡಾನ ಅಂತ. ಜಾರಿಹೋಯ್ತು. ಇರಲಿ ಬಿಡು, ಕೂಸಿಗೆ."

"ಮಣ್ಣು ತಗೊಂಡು ಕೂಸು ಏನು ಮಾಡುತ್ತೆ? ತಿನ್ನುತ್ತಾ?"

ಆ ಮಾತು ಆಡಿ ತಿರುಗಿದವಳು ಹಾಗೇ ನಿಂತುಬಿಟ್ಟಳು. ಕಾಳಿನ ರಾಶಿ ಇರಲಿಲ್ಲ. ಗೆರೆಯ ಹೊರಗಿತ್ತು ಅದು. ಹೊಳೆ ಅದನ್ನು ನೋಡಿರಲೂ ಇಲ್ಲ. ಅವಳ ಸೆರಗು ತಾಗಿ ರಾಶಿಯೆಲ್ಲ ಹರಡಿ, ಆ ಕೆಂಪು ಕೆಸರಿನೊಳಗೆ ಸೇರಿಹೋಗಿತ್ತು. ಒಂದು ಹಿಡಿ ಕೂಡ ಕೈಗೆ ಸಿಗಲಿಲ್ಲ.

ಜೀವ ಉಳಿಯಿತು, ಆದರೆ ಅದನ್ನು ಉಳಿಸಿಕೊಳ್ಳುವುದು ಹೇಗೆ? ದಂಡೆಯ ಕೆಂಡ ಮಾತ್ರ ಉಳಿದಿತ್ತು. ಅಂಕೋಲೆ ಗುಂಡಿಯಲ್ಲಿ ಸಿಕ್ಕಿಬಿದ್ದ ಸಣ್ಣ ಮೀನು ಹಿಡಿದಳು, ಜೊಂಡಿನ ಗೆಡ್ಡೆ ಅಗೆದಳು. ಅದು ಎಷ್ಟು ದಿನ ಬರುತ್ತದೆ? ಹತ್ತನೆಯ ದಿನಕ್ಕೆ ಹೊನ್ನೆಯ ಎದೆಯಲ್ಲಿ ಹಾಲು ಕಮ್ಮಿಯಾಯಿತು. ಮುತ್ತುಗ ಚೀಪಿ ಚೀಪಿ, ಸಿಗದೆ, ಅಳುವುದಕ್ಕೂ ಬಲವಿಲ್ಲದೆ ಮಲಗಿಬಿಡುತ್ತಿತ್ತು. ಆ ಸುಮ್ಮನಿರುವಿಕೆ ಹೊನ್ನೆಗೆ ಹೊಳೆಯ ಕೂಗಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಆ ಹೊತ್ತಿಗೆ ಕೆಂಪು ಮಣ್ಣಿನ ಮೇಲೆಲ್ಲ ಹಸಿರು ಎದ್ದಿತ್ತು. ಏನೋ ಕಳೆ ಅಂದುಕೊಂಡು ಅಂಕೋಲೆ, ಬೇಯಿಸಿ ತಿನ್ನಲು ಬಂದೀತೇನೋ ಎಂದು ಒಂದನ್ನು ಕಿತ್ತಳು. ಬೇರಿನ ಹತ್ತಿರ ಒಂದು ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ಉಗುರಲ್ಲಿ ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ಹೊನ್ನೆ, ಇದು ನಮ್ಮ ಕಾಳು ಕಣೇ."

ಅವರಿಗೆ ಗೊತ್ತಿರಲಿಲ್ಲ ಪುಟ್ಟಾ! ಹುಟ್ಟಿದಾಗಿನಿಂದ ಕಾಳು ತಿಂದವರು, ಕಾಳು ಚೆಲ್ಲಿದವರು. ಆದರೆ ಚೆಲ್ಲಿದ ಕಾಳು ಮೊಳೆಯುವ ಹೊತ್ತಿಗೆ ಅವರು ಹತ್ತು ಬೆಟ್ಟದಾಚೆ ಇರುತ್ತಿದ್ದರು. ಒಂದೇ ಜಾಗದಲ್ಲಿ ಇಪ್ಪತ್ತು ದಿನ ಕೂತ ಮೊದಲ ಮನುಷ್ಯರು ಅವರಿಬ್ಬರು.

ಅಂಕೋಲೆಯ ಕೈ ಇನ್ನೊಂದು ಸಸಿಗೆ ಹೋಯಿತು. ಎಳೆಯ ಸಸಿ, ಹಸಿದ ಹೊಟ್ಟೆ.

"ಕೀಳಬ್ಯಾಡಿ ಅತ್ತೆ!" ಎಂದು ಹೊನ್ನೆ ಅವಳ ಮುಂಗೈ ಹಿಡಿದಳು.

"ಯಾಕೇ? ಇವತ್ತು ತಿನ್ನದಿದ್ರೆ ನಾಳೆ ಇರ್ತೀವೋ ಇಲ್ವೋ."

"ಕಾಳು ಹುಲ್ಲಾಗೈತೆ. ಹುಲ್ಲಿಗೆ ತೆನೆ ಬರುತ್ತೆ. ತೆನೆಯಲ್ಲಿ ಎಷ್ಟು ಕಾಳಿರುತ್ತೆ ಅಂತ ನಿಮಗೆ ನಾ ಹೇಳ್ಬೇಕಾ? ಕಾಯಾನ."

"ಕೂಸು ಕಾಯುತ್ತಾ?"

ಹೊನ್ನೆ ಮುಂಗೈ ಬಿಡಲಿಲ್ಲ.

ಅಂಕೋಲೆ ಹೊಳೆಯ ಕಡೆ ತಿರುಗಿ, "ಕೇಳಿಸ್ಕೊಂಡೆಯೇನೇ? ನಮ್ಮ ಊಟ ಚೆಲ್ಲಿದೋಳು ನೀನು. ಕಾಯೋಕೆ ನೀನೇ ದಾರಿ ಮಾಡು" ಅಂದಳು.

ಹೊಳೆಗೆ ನಾಚಿಕೆಯಾಯಿತು. ಅವತ್ತಿನಿಂದ ಅವಳು ದಿನವೂ ಬಾಗಿನ ಒಳಗಿನ ಮಡುವಿಗೆ ಮೀನುಗಳನ್ನು ಕಳಿಸಿಕೊಟ್ಟಳು. ದಂಡೆಗೆ ಏಡಿ ಹತ್ತಿಸಿದಳು. ಸಸಿಗಳು ಒಣಗುವ ಹಾಗಾದಾಗ ಒಳಗಿಂದೊಳಗೇ ಮಣ್ಣಿಗೆ ಹಸಿ ಕೊಟ್ಟಳು. ಹೊನ್ನೆಗೆ ನಿಧಾನವಾಗಿ ಹಾಲು ಮರಳಿತು. ಮುತ್ತುಗ ಮತ್ತೆ ಜೋರಾಗಿ ಅಳಲು ಕಲಿತಾಗ ಆ ಇಬ್ಬರು ಹೆಂಗಸರು ಕೂತು ನಕ್ಕದ್ದೇ ನಕ್ಕದ್ದು. ಜಿಂಕೆಗಳು ಸಸಿ ಮೇಯಲು ಬಂದರೆ ಅಂಕೋಲೆಯ ಕೋಲು ಮುಂದೆ, ಬೈಗುಳ ಹಿಂದೆ.

ಮಳೆ ಮುಗಿಯಿತು. ಹೊನ್ನೆ ಎದ್ದು ನಿಂತಳು. ಕಾಲು ಕೂಡಿತ್ತು, ತುಸು ಕುಂಟು ಉಳಿಯಿತು. ಬಾಗಿನ ತುಂಬ ತೆನೆ ಬಾಗಿ ನಿಂತವು. ಇಬ್ಬರೂ ಕಾಳು ಉದುರಿಸಿ ರಾಶಿ ಹಾಕಿದರು, ಒಂದು ಪಾಲನ್ನು ಮತ್ತೆ ಮಣ್ಣಿಗೆ ಚೆಲ್ಲಿದರು, ಪಕ್ಕದಲ್ಲಿ ಒಂದು ಗುಡಿಸಲು ಕಟ್ಟಿದರು.

ಬೇಸಿಗೆಯಲ್ಲಿ ನಡೆಯುವ ಜನ ಬಂದರು. ಎಲ್ಲರಿಗಿಂತ ಮುಂದೆ, ಬೆಂಕಿಯ ಬುಟ್ಟಿ ಹಿಡಿದು, ಕಮರ. ಬಿಟ್ಟುಹೋದವರ ಮೂಳೆಗಳನ್ನು ಆರಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಅದಕ್ಕೆಂದೇ ಅವನು ಒಬ್ಬನೇ ಮುಂದೆ ಬಂದಿದ್ದ. ನೆಲ ನೋಡಿಕೊಂಡು ಬರುತ್ತಿದ್ದವನು ಹೊಗೆಯ ವಾಸನೆಗೆ ತಲೆ ಎತ್ತಿದ.

ಮರು ಬಿತ್ತನೆಯ ಹಸಿರಿನ ಆಚೆ ಹೊನ್ನೆ ನಿಂತಿದ್ದಳು. ಅವಳ ಕಾಲು ಹಿಡಿದುಕೊಂಡು ಒಂದು ಮಗು ನಿಂತಿತ್ತು.

ಕಮರ ಓಡಿದ. ನೆಟ್ಟಗೆ ಓಡಿದ.

"ನಿಲ್ಲೋ ಅಲ್ಲೇ!" ಎಂದು ಅಂಕೋಲೆ ಗುಡುಗಿದಳು. "ಪೈರಿನ ಮ್ಯಾಲೆ ಕಾಲಿಟ್ಟೀಯ! ಹೊಳೆಗೇ ಬುದ್ಧಿ ಬಂದೈತೆ, ನಿಂಗೆ ಬ್ಯಾಡ್ವೇನೋ? ಸುತ್ತಿ ಬಾ!"

ನಲವತ್ತು ಮಂದಿಯನ್ನು ನಡೆಸುವ ಗಂಡಸು, ಅಳುತ್ತ, ಹೊಲದ ಅಂಚಿನಲ್ಲೇ ಸುತ್ತಿಕೊಂಡು ಬಂದ. ಹೆಂಡತಿಯ ಮುಂದೆ ನಿಂತ. ಮುಟ್ಟಲು ಧೈರ್ಯ ಬರಲಿಲ್ಲ.

"ಬಿಟ್ಟುಹೋದೆ" ಅಂದ.

"ಹೋದೆ" ಅಂದಳು ಹೊನ್ನೆ. ಅವಳು ಅದನ್ನು ಸುಲಭವಾಗಿ ಮರೆಯುವವಳಲ್ಲ, ಮರೆತೆ ಎಂದು ಹೇಳಲೂ ಇಲ್ಲ. "ಈಗ ಹೇಳು. ಮತ್ತೆ ಹೋಗ್ತೀಯಾ?"

ಹಿಂದೆ ಬಂದವರೆಲ್ಲ ಬಂದು ನಿಂತಿದ್ದರು. ದೂರದಲ್ಲಿ ಜಿಂಕೆಗಳ ಹಿಂಡು ದಿಣ್ಣೆಯ ದಾರಿ ಹಿಡಿದಿತ್ತು. ಕಮರ ಜಿಂಕೆಗಳನ್ನು ನೋಡಿದ. ಬಾಗಿನ ಒಳಗಿನ ಹಸಿರನ್ನು, ಗುಡಿಸಲ ಮುಂದಿನ ಕಾಳಿನ ರಾಶಿಯನ್ನು, ಮಗುವನ್ನು ನೋಡಿದ. ಮಗು ಇನ್ನೂ ಎರಡು ಹೆಜ್ಜೆಗಿಂತ ಹೆಚ್ಚು ನಡೆಯಲಾರದು.

ಅವನ ಅಪ್ಪ, ಅಜ್ಜ, ಅಜ್ಜನ ಅಜ್ಜ ಯಾರೂ ಆ ಬೆಂಕಿಯ ಬುಟ್ಟಿಯನ್ನು ಒಂದು ಮಳೆಗಾಲ ಕಳೆಯುವಷ್ಟು ಕಾಲ ನೆಲಕ್ಕೆ ಇಳಿಸಿರಲಿಲ್ಲ. ಕಮರ ಇಳಿಸಿದ. ಬುಟ್ಟಿಯನ್ನು ಬಗ್ಗಿಸಿ ಕೆಂಡವನ್ನು ಮೂರು ಕಲ್ಲಿನ ನಡುವೆ ಸುರಿದು, ಬುಟ್ಟಿಯನ್ನು ಒಡೆದು ಹಾಕಿದ.

ಮಗು ನಡೆಯುವ ತನಕ ಇರೋಣ ಅಂದರು. ಮಗು ನಡೆಯಿತು. ಇನ್ನೊಂದು ತೆನೆ ಬರುವ ತನಕ ಇರೋಣ ಅಂದರು. ಹಾಗೆ ಅನ್ನುತ್ತ ಅನ್ನುತ್ತ ಅದೇ ಕೆಂಪು ಮಣ್ಣನ್ನು ಕಲಸಿ ಗೋಡೆ ಎಬ್ಬಿಸಿದರು. ಅದೇ ಮಣ್ಣಿನಲ್ಲಿ ಮಡಕೆ ಮಾಡಿದರು, ಇಟ್ಟಿಗೆ ಸುಟ್ಟರು. ಹೊಳೆಯ ನೀರಿಗೆ ಸಣ್ಣ ಕಾಲುವೆ ತೋಡಿದರು. ನಲವತ್ತು ಮಂದಿ ನಾನೂರಾದರು.

ಗಾಳಿ ಸುಮ್ಮನಿದ್ದೀತೇ? "ಕೇಳಿದಿರಾ? ಅವಳು ಒಂದು ಕೂಸಿಗೆ ಹೆದರಿ ಸುತ್ತಿ ಹೋದಳಂತೆ!" ಎಂದು ಲೋಕದ ಹೊಳೆಗಳಿಗೆಲ್ಲ ಚಾಡಿ ಹೇಳಲು ಓಡಿತು. ಅಕ್ಕ ತಂಗಿಯರು ನಗುತ್ತಾರೆ ಅಂದುಕೊಂಡಿತ್ತು. ಅವರು ನಗಲಿಲ್ಲ. ತಾವೂ ಓಟ ತಗ್ಗಿಸಿ, ಬಾಗಿ ನಡೆದು ನೋಡಿದರು. ಮರಳುಗಾಡಿನ ಹೊಳೆ, ಹಿಮದ ಹೊಳೆ, ಅವಳಿ ಹೊಳೆಗಳು, ಒಬ್ಬೊಬ್ಬಳ ಮಡಿಲಿಂದಲೂ ಮಣ್ಣು ಇಳಿಯಿತು. ಮಣ್ಣು ಇಳಿದಲ್ಲಿ ಜನ ಕೂತರು. ಕೂತ ಜನ ಕಣಜ ಕಟ್ಟಿದರು, ಬೀದಿ ಹಾಕಿದರು, ದೋಣಿ ಮಾಡಿದರು, ಹಸಿ ಮಣ್ಣಿನ ಹಲಗೆಯ ಮೇಲೆ ಗೆರೆ ಎಳೆದು ಬರೆಯಲು ಕಲಿತರು. ಊರು ಎಂಬ ಮಾತು ಹುಟ್ಟಿದ್ದು ಹಾಗೆ.

"ಹಾಗಾದ್ರೆ ಹೋದ ವರ್ಷ ನಮ್ಮ ಬೀದಿಗೆ ಯಾಕೆ ನೀರು ಬಂತು?" ಅನ್ನುತ್ತೀಯ. ಕೇಳುತ್ತೀಯ ಎಂದು ಗೊತ್ತಿತ್ತು. ಬೆಟ್ಟದಲ್ಲಿ ವಿಪರೀತ ಮಳೆಯಾದರೆ ಅವಳಿಗೆ ಹಳೆಯ ಓಟದ ಹುಚ್ಚು ನೆನಪಾಗುತ್ತದೆ. ನಾವೇನು ಕಮ್ಮಿಯೇ? ಅವಳು ತಿರುಗಲು ಇಟ್ಟುಕೊಂಡ ಜಾಗದಲ್ಲೇ ಹೋಗಿ ಗೋಡೆ ಎಬ್ಬಿಸುತ್ತೇವೆ. ಅವಳು ಕಾಲು ಎಲ್ಲಿ ಇಡಬೇಕು ಹೇಳು?

ಮುತ್ತುಗ ಏನಾದಳು ಅನ್ನುತ್ತೀಯಾ? ಬೆಳೆದಳು. ಎಲ್ಲಿ ಅಂಬೆಗಾಲಿಟ್ಟಿದ್ದಳೋ ಅಲ್ಲೇ ಓಡಿದಳು, ಅಲ್ಲೇ ಮಕ್ಕಳನ್ನು ಹೆತ್ತಳು, ಅಲ್ಲೇ ಮುದುಕಿಯಾದಳು. ಒಂದು ದಿನ ಅವಳಿಗೂ ನಡೆಯಲಾಗಲಿಲ್ಲ. ಅಜ್ಜಿಯಿಂದ ಕೇಳಿದ್ದ ಹಳೆಯ ಕಟ್ಟಳೆ ಅವಳಿಗೆ ಗೊತ್ತಿತ್ತು. ಹೊಸ್ತಿಲಲ್ಲಿ ಕೂತು, ಯಾರು ಮೊದಲು ಹಿಡಿ ಕಾಳು ತಂದು ಕೊಡುತ್ತಾರೋ ಎಂದು ಹೆದರಿಕೊಂಡೇ ಕಾದಳು. ಬೆಳಗಾಯಿತು, ಮಧ್ಯಾಹ್ನವಾಯಿತು. ಆಮೇಲೆ ಮರಿಮಗಳು ಬಂದು, "ಅಜ್ಜೀ, ಎದ್ದೇಳಬ್ಯಾಡ, ಊಟ ಇಲ್ಲಿಗೇ ತಂದೀನಿ" ಅಂದಳು. ಮುತ್ತುಗ ತಟ್ಟೆ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಯಾಕೆ ಅಳುತ್ತಾಳೆ ಎಂದು ಆ ಹುಡುಗಿಗೆ ತಿಳಿಯಲಿಲ್ಲ. ಬಿಟ್ಟುಹೋಗುವುದು ಎಂದರೇನು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅದಕ್ಕೇ ನೋಡು ಪುಟ್ಟಾ, ಬೆಟ್ಟದಲ್ಲಿ ಅಷ್ಟು ಅಬ್ಬರಿಸುವ ಹೊಳೆ ನಮ್ಮ ಬಯಲಿಗೆ ಬಂದ ಕೂಡಲೇ, ಅಡ್ಡ ಒಂದು ಕಲ್ಲೂ ಇಲ್ಲದಿದ್ದರೂ, ಬಾಯಿ ಮುಚ್ಚಿಕೊಂಡು, ಕೆಂಪು ಮಣ್ಣನ್ನು ಎರಡೂ ಕಡೆ ಇಳಿಸುತ್ತ, ಪ್ರತಿ ಊರನ್ನೂ ಹೀಗೆ ಬಳಸಿ ಬಳಸಿ ಹೋಗುತ್ತಾಳೆ.